ಟಾಟಾ ಮಾಡುವವರ ಗುಂಪು

ಮಾರ್ಚ್ ೧೨, ಭಾನುವಾರ

ಪ್ರೀತಿಯ ತಂಗೀ,

ನಾವೆಲ್ಲ ಚೆನ್ನಾಗಿದ್ದೇವೆ, ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. "ಸೇತುವೆ ಕೆಲಸ ಇನ್ನೂ ಎರಡು ವರ್ಷ ಇದೆಯಂತೆ, ಒಪ್ಪಿಕೊಳ್ಳಲಾ? ಮಗಳು ನಿನ್ನ ಹತ್ತಿರ ಹೊಂದಿಕೊಂಡಿದ್ದಾಳಲ್ಲ?" ಎಂದು ನೀನು ಕೇಳಿದ್ದೆ. ಅದಕ್ಕೆ ಬರೆಯಲು ಕೂತಾಗಲೆಲ್ಲ ನನಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು.

ನಿನ್ನ ಮಗಳು ಪಿಟೀಲು ಈಗ ನನ್ನ ಶಿಶುವಿಹಾರಕ್ಕೇ ಬರುತ್ತಾಳೆ. ಪಿಟೀಲು ಕುಯ್ದಂಥ ಆ ಅಳು ನಿಂತಿದೆ, ಹೆಸರು ಮಾತ್ರ ಉಳಿದಿದೆ. ನಮ್ಮಲ್ಲಿ ಲೆಕ್ಕದ ಪಾಠವೆಂದರೆ ಆಟ. ಗುಂಡಿ, ಚಮಚ, ಬಾಟಲಿ ಮುಚ್ಚಳಗಳನ್ನು ಚಾಪೆಯ ಮೇಲೆ ಸುರಿಯುತ್ತೇನೆ. ಮಕ್ಕಳು ಅವನ್ನು ಗುಂಪು ಮಾಡಿ ಯಾಕೆಂದು ಹೇಳಬೇಕು. ಕಾರಣ ಹೇಳಿದರೆ ಯಾವ ಗುಂಪೂ ತಪ್ಪಲ್ಲ. ಒಬ್ಬ ತಾಯಿ ಬಂದು, "ಟೀಚರ್, ಪಕ್ಕದ್ಮನೆ ಮಗು ನೂರರ ತನಕ ಬರೆಯುತ್ತೆ, ನಮ್ದು ಮುಚ್ಚಳ ಜೋಡಿಸ್ತಾ ಕೂತಿದೆ" ಎಂದು ಜಗಳಕ್ಕೇ ನಿಂತರು. "ಆ ಮಗೂಗೆ ಐದು ಚಮಚ ತಾ ಅಂತ ಹೇಳಿ ನೋಡಿ" ಎಂದೆ. ಮರುದಿನ ಬಂದು, "ಕೈಗೆ ಸಿಕ್ಕಷ್ಟು ಬಾಚ್ಕೊಂಡು ಬಂತು" ಎಂದು ನಕ್ಕರು.

ಪಿಟೀಲು ಮೊನ್ನೆ ಒಂದು ಹಿತ್ತಾಳೆ ಗುಂಡಿಯನ್ನು ಚಮಚಗಳ ಜೊತೆ ಇಟ್ಟು, "ಇವು ಬಿದ್ರೆ ಸದ್ದು ಮಾಡ್ತವೆ" ಅಂದಳು. ನೀನೂ ಚಿಕ್ಕವಳಿದ್ದಾಗ ಸಿಕ್ಕಿದ್ದನ್ನೆಲ್ಲ ಬೀಳಿಸಿ ಸದ್ದು ಕೇಳುತ್ತಿದ್ದೆ; ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಸುಮ್ಮನೆ ಹೇಳುತ್ತಾರೆಯೇ?

ಕಳೆದ ವಾರ ಅವಳ ಕೈಲಿ ಮನೆಯವರ ಫೋಟೊಗಳನ್ನು ಗುಂಪು ಮಾಡಿಸಿದೆ. ಒಂದು ಕಡೆ ನಾನು, ನಿನ್ನ ಭಾವ, ನಮ್ಮ ಬೆಕ್ಕು. ಇನ್ನೊಂದು ಕಡೆ ಮಾವ, ದೂರದ ನೆಂಟರು, ನೀನು.

"ಇವರೆಲ್ಲ ಯಾಕೆ ಒಟ್ಟಿಗೆ?" ಎಂದೆ.

"ಇವ್ರು ಬ್ಯಾಗ್ ತಗೊಂಡು ಬರ್ತಾರೆ, ಆಮೇಲೆ ಟಾಟಾ ಮಾಡ್ತಾರೆ."

ಮುನಿಸಿನಿಂದ ಹೇಳಿದ್ದಲ್ಲ, ಯೋಚಿಸಿ ಹೇಳಿದ್ದು. ತಪ್ಪು ಎನ್ನಲು ನನ್ನ ನಿಯಮವೇ ಬಿಡಲಿಲ್ಲ. ನಿನ್ನನ್ನು ನೆನೆದು ಸಂಕಟವಾಯಿತು.

ಕೆಲಸ ಬಿಡು ಅನ್ನಲು ನಾನ್ಯಾರು? ಅವಳಪ್ಪ ತೀರಿಕೊಂಡ ಮೇಲೆ ದುಡಿಯುವವಳು ನೀನೊಬ್ಬಳೇ. ಆದರೆ ಹೊಂದಿಕೊಂಡಿದ್ದಾಳಾ ಎಂದು ಕೇಳಿದೆಯಲ್ಲ, ಹೌದು, ಪೂರಾ ಹೊಂದಿಕೊಂಡಿದ್ದಾಳೆ. ಅದಕ್ಕೇ ಹೇಳುತ್ತಿದ್ದೇನೆ, ನೀನು ಬಾ. ಇಲ್ಲವೇ ಅವಳನ್ನು ಅಲ್ಲಿಗೇ ಕರೆಸಿಕೋ.

ಎತ್ತರದಲ್ಲಿ ನಿಂತು ಕೆಲಸ ಮಾಡುವವಳು, ಕಾಲು ಜೋಪಾನ. ಹೊತ್ತುಹೊತ್ತಿಗೆ ಉಣ್ಣು. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ನಿನ್ನ ಭಾವನಿಗೂ ಹೇಳಿಲ್ಲ. ಸಂಕಟವಾಗಿದ್ದು ಆಮೇಲೆ ಕಣೇ. ಅವಳು ನನ್ನ ಫೋಟೊವನ್ನು ಮನೆಯಲ್ಲೇ ಇರುವವರ ಕಡೆ ಇಟ್ಟಾಗ ಮೊದಲು ನನಗೆ ಖುಷಿಯಾಯಿತು. ಮಕ್ಕಳಾಗಲಿಲ್ಲ ಎಂಬುದನ್ನು ಅತ್ತು ಮುಗಿಸಿದ್ದೇನೆ ಅಂದುಕೊಂಡಿದ್ದೆ. ಬೇಗ ಬಾ. ಇನ್ನೂ ಎರಡು ವರ್ಷ ಕಳೆದರೆ ಅವಳನ್ನು ನಿನಗೆ ಕೊಡಲು ನನ್ನಿಂದಾಗುವುದಿಲ್ಲ.