ಮೊದಲ ಹಗ್ಗ ಒಗೀರಿ

ಅಂಕಲಿ, ೧೭ ನವೆಂಬರ್ ೧೯೯೨, ಮಂಗಳವಾರ

ಮೊಮ್ಮಗ ಮುರಗೆಪ್ಪ ದುಬೈಕ ಹೊಂಟಿದ್ದ ಲಾಂಚ್ ಸಮುದ್ರದಾಗ ಕೆಟ್ಟು ನಿಂತು ಆರು ದಿನ ಆತು. ನೋಡಿ ಬಂದ ಮೀನುಗಾರರು ಮುಂಬೈದಾಗ ಹೇಳ್ಯಾರ. ನೀರಿನ ತಂಬಗಿ ಎತ್ತಿದ್ರ ಅವನ ಒಣಗಿದ ಬಾಯಿ ಕಣ್ಣಿಗೆ ಕಟ್ಟತೈತಿ.

ಅವನ್ನ ಕರಕೊಂಡ ಬರಾಕ ಹಡಗ ಕಳಸ್ರಿ ಅಂದ್ರ, ಚಿಕ್ಕೋಡಿ ತಹಶೀಲ್ದಾರ ಕಚೇರಿ ಸಾಹೇಬ ಇವತ್ತೂ ಅದನ್ನ ಅಂದ: "ಪಾಸ್‌ಪೋರ್ಟ್ ಇಲ್ಲದ ಕದ್ದು ಹೋಗ್ಯಾನ ಆಯಿ, ಸರಕಾರಕ್ಕ ಸಂಬಂಧ ಇಲ್ಲ."

ನಾನೂ ಬಿಡಲಿಲ್ಲ. "ನಮ್ಮ ಯಜಮಾನ್ರು ಕೃಷ್ಣಾ ಹೊಳ್ಯಾಗ ದೋಣಿ ನಡಸ್ತಿದ್ರು ಸಾಹೇಬ್ರ. ಮಹಾಪೂರದಾಗ ಕಳ್ಳ ಬಿದ್ರೂ ಮೊದಲ ಹಗ್ಗ ಒಗೀತಿದ್ರು. ಯಾವೂರಾಂವ ಅಂತ ಕೇಳ್ತಿದ್ದದ್ದು ದಂಡಿಗೆ ತಂದ ಮ್ಯಾಲ. ನೀವೂ ಮೊದಲ ಎತ್ರಿ, ಆಮ್ಯಾಲ ಬೇಕಾದ್ರ ಜೇಲಿಗೆ ಹಾಕ್ರಿ."

ಸಾಹೇಬ ಫೈಲಿನಾಗ ಮಾರಿ ಮುಚಗೊಂಡ.

ಯಜಮಾನ್ರ ಹಗ್ಗ ಅಟ್ಟದ ಮ್ಯಾಲಿಂದ ಇಳಿಸೇನಿ. ನಾಳೆ ಅವನ ಮೇಜಿನ ಮ್ಯಾಲ ಇಡ್ತೀನಿ. ಒಗ್ಯಾಕ ಬರಂಗಿಲ್ಲ ಅಂದ್ರ ನಾನ ಕಲಿಸ್ತೀನಿ.