ಪಾಲಿಗೆ ಬಿಟ್ಟ ಗೇಮುಗಳು

ಜನವರಿ 4, ಭಾನುವಾರ, ಬೆಳಿಗ್ಗೆ 9

ಉದಗೀರಿನ ಸಮಸ್ತ ನಾಗರಿಕರ ಗಮನಕ್ಕೆ (ಯಾರೂ ಕೇಳಿಲ್ಲ, ಆದರೂ) — ಗುರುಶಾಂತನೆಂಬ ನಾನು ಇಂದಿನಿಂದ ಹೊಸ ವಿಡಿಯೋ ಗೇಮ್ ಕೊಳ್ಳುವುದಿಲ್ಲ. ಹಲ್ಲುಜ್ಜುತ್ತಲೇ ಪ್ರತಿಜ್ಞೆ. ಆಡದೆ ಬಿದ್ದಿರುವವು 212. ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಸೇಲ್ ಬಂದಿತ್ತು. ಈಗ 215.

ಹೆಂಡತಿ ವಿಜಯಶ್ರೀ ಹಿಂದೆಯೇ ನಿಂತಿದ್ದಳು.

“ಯುಗಾದಿ ಒಳಗ ಹತ್ತು ಮುಗಸ್ರಿ. ಇಲ್ಲಾಂದ್ರ ಕಂಪ್ಯೂಟರ್ ಯೆಣೆಗೂರಕ್ಕ, ನಮ್ಮ ಉಮಾಕಾಂತನ ಢಾಬಾಕ್ಕ.”

ಉಮಾಕಾಂತ ಅವಳ ತಮ್ಮ. ನನ್ನ ಗ್ರಾಫಿಕ್ಸ್ ಕಾರ್ಡು ಅಲ್ಲಿ ದಾಲ್-ರೊಟ್ಟಿಯ ಬಿಲ್ ಹೊಡೆಯಬೇಕು! ಬೆಳಗಿನ ತಿಂಡಿಯ ಪೋಹೆ ಗಂಟಲಲ್ಲಿ ಇಳಿಯಲಿಲ್ಲ. ಅಂದರೆ, ಮೂರನೆಯ ತಟ್ಟೆ.

ಜನವರಿ 11

ಒಂದು ಆರಂಭಿಸಿದೆ. ನಾಯಕನ ಮೂಗು ಆರಿಸುವುದರಲ್ಲೇ ಎರಡು ತಾಸು. ಊಟಕ್ಕೆ ಕರೆದಳು. ಮೂಗು ಚೆನ್ನಾಗಿದೆ. ಆಟ ಹೇಗಿದೆಯೋ ಗೊತ್ತಿಲ್ಲ.

ಫೆಬ್ರವರಿ 15

ಮುಗಿದದ್ದು ಎರಡು. ನಡುವಿನ ತಿಂಗಳ ಬಗ್ಗೆ ಮಾತು ಬೇಡ.

ಔರಾದ ಶಹಾಜನಿಯಿಂದ ಮಾವ ಕಾಶೆಪ್ಪ ಬಂದರು. ಕುರಿ ಕಾಯುತ್ತಲೇ ತಲೆ ನರೆತವರು. ಅವರೆದುರು ಗೋಳು ತೋಡಿಕೊಂಡೆ.

“ಎಷ್ಟ ಉಳದಾವ?”

“ಇನ್ನೂರಾ ಹದಿಮೂರು, ಮಾಮಾ.”

“ಒಬ್ರೇ ಇಷ್ಟು ಹ್ಯಾಂಗ ಕಾಯ್ತೀರಿ, ಅಳಿಯಾರ? ಪಾಲಿಗಿ ಬಿಡ್ರಿ!”

ಕುರಿ ಹೆಚ್ಚಾದರೆ ಇನ್ನೊಬ್ಬರಿಗೆ ಮೇಯಿಸಲು ಕೊಡುವುದು. ಹುಟ್ಟಿದ ಮರಿಗಳಲ್ಲಿ ಅರ್ಧ ಒಡೆಯನಿಗೆ, ಅರ್ಧ ಮೇಯಿಸಿದವನಿಗೆ. ಅಂದರೆ ಯಾರು ಗೇಮ್ ಮುಗಿಸಿದರೂ ಅರ್ಧ ನನ್ನ ಲೆಕ್ಕಕ್ಕೆ! ವಿಜಯಶ್ರೀ ಗೊಣಗಿದಳು, ಆದರೆ ಒಪ್ಪಿದಳು. ಅಪ್ಪನ ಮಾತು.

ಫೆಬ್ರವರಿ 22

ಹಂಚಿಕೆ ಮುಗಿಯಿತು. ಬೆಳಿಗ್ಗೆ ಪಕ್ಕದ ಮನೆಯ ರಂಭಾಬಾಯಿ — ಪಜಲ್ ಗೇಮುಗಳು. ಮಧ್ಯಾಹ್ನ ವಿಜಯಶ್ರೀ — ಅಡುಗೆಯ ಗೇಮುಗಳು. “ಮನ್ಯಾಗ ಮಾಡಿದ್ದು ಸಾಲಲಿಲ್ಲೇನ್ರಿ?” ಎಂದು ಬೈಯುತ್ತಲೇ ಕೂತಳು. ಸಂಜೆ ಮಾವ — ಹೊಲ, ಟ್ರ್ಯಾಕ್ಟರ್, ಕುರಿ ಇರುವ ಗೇಮ್.

“ಈ ಕುರಿ ಯಾಕ ಒದರವಲ್ಲವು?”

ಸೌಂಡ್ ಹೆಚ್ಚಿಸಿದೆ. ಮಾವ ಊರಿಗೆ ಹೋಗುವ ಬಸ್ಸನ್ನೇ ಬಿಟ್ಟರು.

ಮಾರ್ಚ್ 8

ರಂಭಾಬಾಯಿ ಒಂಬತ್ತು ಮುಗಿಸಿ, “ಬಸ್, ಇಷ್ಟೇ? ಆಣಖಿ, ಇನ್ನೂ ಅವ ಏನ್ರಿ?” ಎಂದರು. ವಿಜಯಶ್ರೀ ಆರು. ಹದಿನೈದರ ಅರ್ಧ ಏಳೂವರೆ, ನನ್ನವೆರಡು — ಒಂಬತ್ತೂವರೆ! ಇನ್ನು ಮಾವನದೊಂದು ಮುಗಿದರೆ ಸಾಕು.

ಮಾರ್ಚ್ 18, ಬುಧವಾರ, ಬೆಳಿಗ್ಗೆ 11

ನಾಳೆ ಯುಗಾದಿ. ರಂಭಾಬಾಯಿ ಮಗಳ ಊರಿಗೆ ಹೋಗಿದ್ದಾರೆ. ವಿಜಯಶ್ರೀ ಬೇಕೆಂದೇ ಏಳನೆಯದನ್ನು ಮುಟ್ಟುತ್ತಿಲ್ಲ. ಉಮಾಕಾಂತ ಟೆಂಪೋ ತಂದಿದ್ದಾನೆ.

“ಮಾಮಾ, ಕೈ ಮುಗೀತೀನಿ, ಮುಗಸ್ರಿ!”

“ಹೊಲದ ಕೆಲಸ ಎಂದಾರ ಮುಗಿತದೇನ್ರಿ, ಅಳಿಯಾರ?”

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಮಾವ ಹೇಳಿದ್ದು ನಿಜ. ಆ ಗೇಮಿಗೆ ಕೊನೆಯೇ ಇಲ್ಲ... ಉಮಾಕಾಂತ ಕಂಪ್ಯೂಟರಿನ ವೈರ್‌ಗೆ ಕೈ ಹಾಕಿದ. ಮಾವ ಗುಡುಗಿದರು:

“ಕೈ ತಗಿಯೋ! ಕುರಿ ಗಬ್ಬ ಅವ. ಪಾಲಿಗಿ ಬಿಟ್ಟದ್ದು ಮರಿ ಹಾಕೂತನಾ ಯಾರೂ ಹೊಡಕೊಂಡ ಹೋಗಂಗಿಲ್ಲ. ಬೀರಪ್ಪನ ಆಣಿ!”

ಕುರಿ ಕಾಯುವವರ ದೇವರು ಬೀರಪ್ಪನ ಹೆಸರು ಬಂದ ಮೇಲೆ ವಿಜಯಶ್ರೀ ಕೂಡ ಹೋಳಿಗೆಯ ಬೇಳೆ ಬೇಯಲು ಇಟ್ಟಳು. ಟೆಂಪೋ ಖಾಲಿ ಹೋಯಿತು. ಅಂಗಳದಲ್ಲಿ ಕುಣಿದೆ.

ಮಾರ್ಚ್ 22, ಮಧ್ಯಾಹ್ನ 3

ಮರಿ ಹಾಕಿದವು. ಮತ್ತೆ ನಾಲ್ಕು ಗಬ್ಬವಾಗಿವೆ. ಮಾವ ಬೆಳಗಿನಿಂದ ಎದ್ದಿಲ್ಲ. ಕುರ್ಚಿ ಕೇಳಿದರೆ, “ಮರಿ ಹಾಕೂತನಾ ಏಳಂಗಿಲ್ಲ. ಕಾಯಿದೆ ಒಡೆಯಗೂ ಒಂದೇ” ಎನ್ನುತ್ತಾರೆ. ಹೊರಗೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಈ ಪುಟ ಯಾರ ಕೈಗಾದರೂ ಸಿಕ್ಕರೆ ಒಂದು ಸಣ್ಣ ಉಪಕಾರ. ಔರಾದಿನ ಕಡೆ ಹೋಗುವವರಿದ್ದರೆ ನಮ್ಮತ್ತೆ ಮಲಕಮ್ಮನನ್ನು ಕಂಡು, ಮಾವನಿಗೊಂದು ಫೋನ್ ಮಾಡಲು ಹೇಳಿ — ಅಲ್ಲಿಯ ಕುರಿಗಳು ನೆನೆಸುತ್ತಿವೆ ಅಂತ. ಅವರು ಬಾಗಿಲವರೆಗೆ ಎದ್ದು ಬಂದರೂ ಸಾಕು, ನಾನು ಆ ಕುರ್ಚಿಯಲ್ಲಿ ಕೂತುಬಿಡುತ್ತೇನೆ.