ಇಪ್ಪತ್ತೆರಡು ನಿಮಿಷದ ಕೂಡುನೋಟ

ರಾಣೆಬೆನ್ನೂರು, ಫೆಬ್ರವರಿ 30, 2141

ನೂರು ವರ್ಷ ಹಿಂದಿನ ಹಿರಿಯರಿಗೆ ಮಹಾನಂದಾ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಮ್ಮ ಫೆಬ್ರವರಿಗೆ ಈಗ ಮೂವತ್ತು ದಿನ. ಕೆಲವು ಮಾತುಗಳೂ ವಿಚಿತ್ರ ಎನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಟೀವಿ ವಾಹಿನಿ, ಸ್ಟ್ರೀಮಿಂಗ್ ಕಂಪನಿ, ಮನೆಯಲ್ಲೇ ಕೂತು ವಿಡಿಯೊ ಮಾಡುವವರು ಎಂದು ನೀವು ಬೇರೆ ಬೇರೆ ಕರೆಯುತ್ತಿದ್ದಿರಂತೆ. ನಮಗೆ ಅವರೆಲ್ಲ ‘ತೋರುಗರು’. ದೊಡ್ಡವರಿಗೊಂದು, ಚಿಕ್ಕವರಿಗೊಂದು ಕಾನೂನಿಲ್ಲ. ಎಲ್ಲರಿಗೂ ಒಂದೇ, ಅದರ ಹೆಸರು ಕೂಡುನೋಟ. ಯಾರ ಬಗ್ಗೆ ಸುಳ್ಳು ತೋರಿಸಿದರೋ ಅವರಲ್ಲಿಗೇ ಹೋಗಿ, ಅವರ ಪಕ್ಕ ಕೂತು, ತಾವು ಮಾಡಿದ್ದನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು. ದಂಡವಿಲ್ಲ, ಜೈಲಿಲ್ಲ. ಇಷ್ಟೇನಾ ಎಂದು ನಗಬೇಡಿ! ಹಾಗೆ ಕೂರಿಸುವುದೇ ಮೂವತ್ತು ವರ್ಷದಿಂದ ನನ್ನ ನೌಕರಿ. ಕೂತವರ ಮುಖ ನಾನು ನೋಡಿದ್ದೇನೆ.

ಮೊಟ್ಟಮೊದಲ ಕೂಡುನೋಟ ನಡೆದದ್ದು ನಮ್ಮ ಖಾನಾವಳಿಯಲ್ಲಿ. ಯಂತ್ರದ ರೊಟ್ಟಿ ಊರೆಲ್ಲ ತುಂಬಿದ್ದರೂ ನಮ್ಮವ್ವ ನೀಲಗಂಗವ್ವ ಕೈಯಲ್ಲೇ ಬಡಿಯುತ್ತಿದ್ದಳು. ಹೆಂಚಿಗೆ ಸುಟ್ಟು ಸುಟ್ಟು ಅವಳ ಕೈಮೇಲೆ ಬಿಳಿ ಕಲೆಗಳಾಗಿದ್ದವು. ಊಟಕ್ಕೆ ಬಂದ ಚಿರಂತನ ಎಂಬ ಹೆಸರಾಂತ ತೋರುಗ ಆ ಕಲೆಗಳನ್ನು ಹತ್ತಿರದಿಂದ ತೋರಿಸಿ, ಇದು ಅಂಟುರೋಗ, ಈ ಕೈಯ ರೊಟ್ಟಿ ತಿಂದವರನ್ನು ದೇವರೇ ಕಾಪಾಡಬೇಕು ಎಂದು ನಕ್ಕ. ವಾರದೊಳಗೆ ಬೆಂಚುಗಳು ಖಾಲಿ. ಅವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಓಡಾಡತೊಡಗಿದಳು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಖಾನಾವಳಿ ಮುಚ್ಚಿದರೆ ಅವಳು ಬಹಳ ದಿನ ಬದುಕುವುದಿಲ್ಲ ಎಂಬ ಭಯವೂ ಇತ್ತು.

ಕಲೆಗಳು ಸುಟ್ಟ ಗಾಯದವು ಎಂದು ಡಾಕ್ಟರು ಬರೆದುಕೊಟ್ಟರು. ಆ ವರ್ಷವಷ್ಟೇ ಬಂದಿದ್ದ ಕಾನೂನಿನ ಪ್ರಕಾರ ಚಿರಂತನ ನಮ್ಮ ಬೆಂಚಿನ ಮೇಲೆ ಕೂರಬೇಕಾಯಿತು. ತನ್ನ ವಿಡಿಯೊ ಇಪ್ಪತ್ತೆರಡು ನಿಮಿಷದ್ದು ತಾನೇ ಎಂದು ನಗುತ್ತಲೇ ಬಂದ. ಪರದೆಯ ಮೇಲೆ ಅವ್ವನ ಕೈ ಕಾಣಿಸಿತು. ಅದೇ ಕೈ ಅವನ ಪಕ್ಕದಲ್ಲಿ, ಮೇಜಿನ ಮೇಲೆ ಇತ್ತು. ಅವನು ಮುಖ ತಿರುಗಿಸಿ, ‘ಸಾಕು, ನಿಲ್ಲಿಸಿ’ ಎಂದ.

‘ಯಾಕೋ ತಮ್ಮಾ? ನಾ ಪೂರಾ ನೋಡೀನಿ, ನೀನೂ ನೋಡು,’ ಎಂದಳು ಅವ್ವ.

ನೋಡಿದ. ಮುಗಿದ ಮೇಲೆ ಅವ್ವನ ಕಡೆ ತಿರುಗಿ, ‘ತಪ್ಪಾಯಿತಮ್ಮಾ’ ಎಂದ.

‘ಅದನ್ನ ನನಗ್ಯಾಕ ಹೇಳ್ತಿ? ನನ್ನ ಕೈಗೆ ಏನಾಗೇತಿ ಅಂತ ನನಗ ಗೊತ್ತೈತಿ. ನಿನ್ನ ನೋಡಿದ ಮಂದಿಗೆ ಹೇಳು.’

ಅವನು ಅಂದೇ, ಅದೇ ಬೆಂಚಿನಿಂದ, ಎಲ್ಲರಿಗೂ ಹೇಳಿದ. ತಿಂಗಳೊಳಗೆ ಊಟಕ್ಕೆ ಸಾಲು ನಿಂತಿತು. ‘ಈಗ ನೆನಪಾತೇನ್ರೋ?’ ಎಂದು ಬೈದುಕೊಂಡೇ ಅವ್ವ ಬಡಿಸಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

ಕೂಡುನೋಟ ನಡೆಸಲು ಅಂದು ಬಂದಿದ್ದ ಅಧಿಕಾರಿ ಅವಳ ಮಾತನ್ನು ಬರೆದುಕೊಂಡು ಹೋಗಿದ್ದರು. ಮರುವರ್ಷ ಕಾನೂನಿಗೆ ಎರಡನೇ ಕಲಮು ಸೇರಿತು: ಸುಳ್ಳು ಮುಟ್ಟಿದ ಅಷ್ಟೂ ಮಂದಿಗೆ, ಸುಳ್ಳು ಹೇಳಿದ ಬಾಯಿಂದಲೇ, ನಿಜ ಮುಟ್ಟಬೇಕು. ಇಂದು ಪರವಾನಗಿ ಕೇಳುವ ಪ್ರತಿಯೊಬ್ಬ ತೋರುಗನೂ ಅದನ್ನು ನನ್ನ ಮುಂದೆ ಬಾಯಿಪಾಠ ಒಪ್ಪಿಸುತ್ತಾನೆ. ಒಪ್ಪಿಸುವಾಗಲೆಲ್ಲ ನನ್ನ ಎದೆ ಉಬ್ಬುತ್ತದೆ, ಮುಚ್ಚಿಡುವುದೇಕೆ?

ಕಾನೂನಿನ ಪುಸ್ತಕದಲ್ಲಿ ಹೇಳಿದವರ ಹೆಸರು ಇರುವುದಿಲ್ಲ. ನನ್ನ ಕೋರಿಕೆ ಒಂದೇ, ನಿಮಗಾದರೂ ಗೊತ್ತಿರಲಿ: ಆ ಕಲಮು ರೊಟ್ಟಿ ಬಡಿಯುವ ನೀಲಗಂಗವ್ವನದು.